ಏರ್‌ಬ್ಯಾಗ್ ದೀಪ ಆರಿತ್ತು, ಏರ್‌ಬ್ಯಾಗ್ ಸತ್ತಿತ್ತು: ಪ್ಯಾಡಲ್ ಶಿಫ್ಟರ್ ಹಾಕಿಸುವ ಮುನ್ನ ಇದನ್ನು ಓದಿ

ಆಟೋಮ್ಯಾಟಿಕ್ ಕಾರಿನ ಸ್ಟಿಯರಿಂಗ್‌ಗೆ ಹೊರಗಿನ ಅಂಗಡಿಯಲ್ಲಿ ಪ್ಯಾಡಲ್ ಶಿಫ್ಟರ್ (ಸ್ಟಿಯರಿಂಗ್ ಹಿಂದೆ ಬೆರಳಿನಿಂದ ಒತ್ತಿ ಗೇರ್ ಬದಲಿಸುವ ರೆಕ್ಕೆಯಂಥ ಸ್ವಿಚ್‌ಗಳು) ಹಾಕಿಸಬೇಕೆಂದಿರುವವರು ದಯವಿಟ್ಟು ಇದನ್ನು ಕೊನೆಯವರೆಗೂ ಓದಿ. ಈಗಾಗಲೇ ಹಾಕಿಸಿಕೊಂಡವರಂತೂ ಓದಲೇಬೇಕು. ಐದು ವಾರಗಳ ಕಾಲ ನಾನು ಮತ್ತು ನನ್ನ ಹೆಂಡತಿ, ಚಾಲಕನ ಏರ್‌ಬ್ಯಾಗ್ ಸತ್ತುಹೋಗಿದ್ದ ಕಾರನ್ನು ಓಡಿಸಿದ್ದೇವೆ. ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳಿದ್ದಳು. ಆ ಐದು ವಾರಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ದಿನವೂ ಎಚ್ಚರಿಕೆಯ ದೀಪ ಉರಿಯಲಿಲ್ಲ.

ನಮ್ಮದು ಆರು ಗೇರ್‌ಗಳ ಆಟೋಮ್ಯಾಟಿಕ್ ಕಾರು. ಅದೇ ಕಾರಿನ ಮೇಲಿನ ದರ್ಜೆಯ ಮಾದರಿಗೆ ಕಂಪನಿಯೇ ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಕೊಡುತ್ತದೆ, ನಮ್ಮ ಮಾದರಿಗೆ ಕೊಡುವುದಿಲ್ಲ. ನಮ್ಮದರಲ್ಲಿ ಗೇರ್ ಲಿವರನ್ನು ಡಿ ಸ್ಥಾನದಿಂದ (ಕಾರು ತಾನೇ ಗೇರ್ ಬದಲಿಸಿಕೊಳ್ಳುವ ಸ್ಥಾನ) ಪಕ್ಕಕ್ಕೆ ಸರಿಸಿ, ಪ್ಲಸ್ ಅಥವಾ ಮೈನಸ್ ಕಡೆಗೆ ತಳ್ಳಿ ಗೇರ್ ಬದಲಿಸಬೇಕು. ಅಮ್ಮ ಉಜಿರೆಯಲ್ಲಿರುವುದರಿಂದ ತಿಂಗಳಿಗೊಮ್ಮೆಯಾದರೂ ಬೆಂಗಳೂರಿನಿಂದ ಹೊರಟು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತೇವೆ. ಘಾಟಿ ಇಳಿಯುವಾಗ ಬರೀ ಬ್ರೇಕ್ ತುಳಿದುಕೊಂಡೇ ಹೋದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಕೆಳಗಿನ ಗೇರ್‌ನಲ್ಲಿಟ್ಟು ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುವಂತೆ ಮಾಡಬೇಕು. ಎರಡೂ ಕೈ ಸ್ಟಿಯರಿಂಗ್ ಮೇಲಿದ್ದಂತೆಯೇ ಬೆರಳ ತುದಿಯಿಂದ ಗೇರ್ ಇಳಿಸುವಂತಾದರೆ ಎಷ್ಟು ಒಳ್ಳೆಯದು ಎಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಆಸೆ ತಪ್ಪಲ್ಲ ಎಂದೇ ಈಗಲೂ ಹೇಳುತ್ತೇನೆ. ಅದನ್ನು ಈಡೇರಿಸಿಕೊಳ್ಳಲು ಹೋದ ಜಾಗ ತಪ್ಪು.

ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಕಾರ್ ಆಕ್ಸೆಸರಿ ಅಂಗಡಿಗೆ ಹೋದೆ. ಹೆಸರು ಹಾಕುವುದಿಲ್ಲ, ಇಂಥ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ. ಅಲ್ಲಿಯವರು ಮೂರು ದಾರಿ ತೋರಿಸಿದರು. ಮೊದಲನೆಯದು, ಡಬಲ್ ಸೈಡ್ ಟೇಪ್‌ನಿಂದ ಅಂಟಿಸುವ ಅಲ್ಯೂಮಿನಿಯಂ ರೆಕ್ಕೆಗಳು. ಇವು ಈಗಾಗಲೇ ಪ್ಯಾಡಲ್ ಇರುವ ಕಾರುಗಳಲ್ಲಿ ಅದನ್ನು ಉದ್ದ ಮಾಡಲು ಮಾತ್ರ, ನನ್ನ ಕಾರಿನಲ್ಲಿ ಬರೀ ಅಲಂಕಾರ. ಎರಡನೆಯದು ವೈರ್‌ಲೆಸ್ ಕಿಟ್. ಸ್ಟಿಯರಿಂಗ್ ಹಿಂದೆ ಬಟನ್ ಸೆಲ್‌ನಿಂದ ನಡೆಯುವ ಸ್ವಿಚ್‌ಗಳು, ಗೇರ್ ಲಿವರ್ ಕೆಳಗೆ ಒಂದು ರಿಸೀವರ್. ಲಿವರ್‌ನ ಪ್ಲಸ್ ಮತ್ತು ಮೈನಸ್ ವೈರ್‌ಗಳನ್ನು ಸುಲಿದು ಆ ರಿಸೀವರನ್ನು ಸೇರಿಸುತ್ತಾರೆ. ಘಾಟಿಯ ನಡುವೆ ಸೆಲ್ ಮುಗಿದರೆ ಏನು ಮಾಡುವುದು ಎಂದು ನಾನೇ ಅದನ್ನು ಬೇಡವೆಂದೆ. ಮೂರನೆಯದನ್ನು ಅವರು ‘ಕಂಪನಿ ಫಿಟ್ಟಿಂಗ್’ ಎಂದು ಕರೆದರು. ಮೇಲಿನ ಮಾದರಿಯ ಸ್ಟಿಯರಿಂಗ್ ಚಕ್ರವನ್ನೇ ಪ್ಯಾಡಲ್ ಸಮೇತ ತಂದು ಕೂರಿಸುವುದು. ಹೊಸದಲ್ಲ, ಗುಜರಿಗೆ ಹೋದ ಕಾರಿನದು.

‘ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ ಸಾರ್, ಎರಡು ಗಂಟೆ. ರೇಸ್ ಕಾರಿನ ತಂತ್ರಜ್ಞಾನ ನಿಮ್ಮ ಕೈಗೆ ಬರುತ್ತದೆ’ ಎಂದರು. ಹದಿನಾರು ಸಾವಿರ ರೂಪಾಯಿ. ಹಳೆಯ ಸ್ಟಿಯರಿಂಗ್ ಅವರಿಗೇ ಬಿಟ್ಟರೆ ಎರಡು ಸಾವಿರ ಕಡಿಮೆ.

ನಾನು ಬಿಟ್ಟುಬಂದೆ. ಆ ಹಳೆಯ ಸ್ಟಿಯರಿಂಗ್ ಒಳಗೆ ನನ್ನ ಕಾರಿನದೇ ಆದ, ಕಾರ್ಖಾನೆಯಲ್ಲಿ ಕೂರಿಸಿದ ಏರ್‌ಬ್ಯಾಗ್ ಇತ್ತು. ಎರಡು ಸಾವಿರ ರೂಪಾಯಿಗೆ ಅದನ್ನು ಕೊಟ್ಟುಬಂದೆ ಎಂಬುದನ್ನು ನೆನೆಸಿಕೊಂಡರೆ ಇಂದಿಗೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ರೇಸ್ ಕಾರಿನ ಮಾತು ಪೂರ್ತಿ ಸುಳ್ಳಲ್ಲ. 1989ರ ಬ್ರೆಜಿಲ್ ಗ್ರ್ಯಾನ್ ಪ್ರೀ ಎಂಬ ಫಾರ್ಮುಲಾ ಒನ್ ಓಟದಲ್ಲಿ ಫೆರಾರಿ 640 ಕಾರು ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳೊಂದಿಗೆ ಇಳಿದು, ನೈಜೆಲ್ ಮ್ಯಾನ್ಸೆಲ್ ಕೈಯಲ್ಲಿ ಮೊದಲ ಓಟದಲ್ಲೇ ಗೆದ್ದಿತು. ಜಾನ್ ಬರ್ನಾರ್ಡ್ ಎಂಬ ಎಂಜಿನಿಯರ್ ಅದರ ವಿನ್ಯಾಸಕಾರ. 1997ರ ಹೊತ್ತಿಗೆ ಅದು ಫೆರಾರಿಯ ರಸ್ತೆ ಕಾರಿಗೂ ಬಂತು. ಆದರೆ ಆ ಕಾರುಗಳಲ್ಲಿ ಗೇರ್‌ಪೆಟ್ಟಿಗೆ, ಕ್ಲಚ್, ಕಂಪ್ಯೂಟರ್, ವೈರಿಂಗ್ ಎಲ್ಲವನ್ನೂ ಪ್ಯಾಡಲ್‌ಗೆ ಹೊಂದುವಂತೆ ಕಾರ್ಖಾನೆಯಲ್ಲೇ ಅಣಿಗೊಳಿಸಿದ್ದರು. ನಮ್ಮಂಥವರ ಆಟೋಮ್ಯಾಟಿಕ್ ಕಾರಿನಲ್ಲಿ ಪ್ಯಾಡಲ್ ಎಂದರೆ ಎರಡು ಸ್ವಿಚ್, ಅಷ್ಟೇ. ಒತ್ತಿದರೆ ಗೇರ್‌ಪೆಟ್ಟಿಗೆಯ ಕಂಪ್ಯೂಟರ್‌ಗೆ ಒಂದು ಕೋರಿಕೆ ಹೋಗುತ್ತದೆ. ಒಪ್ಪುವುದು ಬಿಡುವುದು ಅದರ ಇಷ್ಟ. ಲಿವರ್‌ನಿಂದ ಒತ್ತಿದರೂ ಹೋಗುವುದು ಅದೇ ಕೋರಿಕೆ. ಗೇರ್ ಒಂದು ಕ್ಷಣವೂ ಬೇಗ ಬೀಳುವುದಿಲ್ಲ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ!

ಅಂಗಡಿಯಲ್ಲಿ ಕೆಲಸ ಎರಡು ಗಂಟೆಗೆ ಮುಗಿಯಲಿಲ್ಲ, ಸಂಜೆಯಾಯಿತು. ನನ್ನನ್ನು ಹೊರಗೆ ಕೂರಿಸಿದ್ದರು. ನಡುವೆ ಒಮ್ಮೆ ಇಣುಕಿದಾಗ ಏರ್‌ಬ್ಯಾಗ್ ದೀಪ ಕೆಂಪಗೆ ಉರಿಯುತ್ತಿತ್ತು. ಕೇಳಿದರೆ ‘ಸ್ಕ್ಯಾನರ್ ಹಾಕಿ ತೆಗೆಯುತ್ತೇವೆ ಸಾರ್’ ಎಂದರು. ಸ್ಕ್ಯಾನರ್ ಎಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದಿ ಅಳಿಸುವ ಯಂತ್ರ. ಮನೆಗೆ ಹೊರಟಾಗ ದೀಪ ಆರಿತ್ತು. ಕೀಲಿ ತಿರುಗಿಸಿದಾಗ ಕೆಲವು ಕ್ಷಣ ಉರಿದು ಆರುವುದೂ ಮೊದಲಿನಂತೆಯೇ ಇತ್ತು. ಪ್ಯಾಡಲ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಾಲ್ಕು ವಾರ ನಾನು ಖುಷಿಯಾಗಿಯೇ ಇದ್ದೆ.

ಐದನೆಯ ವಾರ, ಜೂನ್ ಮಧ್ಯದಲ್ಲಿ, ಊರಿಗೆ ಹೊರಟೆವು. ಕೊಟ್ಟಿಗೆಹಾರ ದಾಟುತ್ತಲೇ ಮಂಜು. ಮಳೆ ಜಿನುಗುತ್ತಿತ್ತು. ಲಿವರನ್ನು ಪಕ್ಕಕ್ಕೆ ಸರಿಸಿ ಎರಡನೇ ಗೇರ್‌ನಲ್ಲಿ ನಿಧಾನವಾಗಿ ಇಳಿಯುತ್ತಿದ್ದೆ. ಒಂದು ಹೇರ್‌ಪಿನ್ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಅದರೊಳಗಿಂದ ‘ಕಟಕ್’ ಎಂದು ಏನೋ ಹರಿದ ಸದ್ದಾಯಿತು. ನಾನು ಪ್ಯಾಡಲ್ ಮುಟ್ಟಿರಲಿಲ್ಲ. ಆದರೂ ಗೇರ್ ಒಂದಕ್ಕೆ ಬಿದ್ದು ಕಾರು ಜಗ್ಗಿತು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ಒಂದು ಮೊಳದಷ್ಟು ಜಾರಿ ಕಾರಿನ ಮೂಗು ರಸ್ತೆಯ ನಡುವಿಗೆ ಹೋಯಿತು. ಅದೇ ಹೊತ್ತಿಗೆ ಕೆಳಗಿನಿಂದ ಬಸ್ಸೊಂದು ಮಂಜಿನೊಳಗಿಂದ ಏರಿ ಬಂತು. ಹಾರ್ನ್ ಒತ್ತಿದೆ. ಸದ್ದೇ ಬರಲಿಲ್ಲ. ಮತ್ತೆ ಒತ್ತಿದೆ, ಅಂಗೈ ಊರಿ ಒತ್ತಿದೆ. ಇಲ್ಲ.

ಬಸ್ಸಿನ ಚಾಲಕರು ನಮ್ಮ ದೀಪ ನೋಡಿ ನಿಲ್ಲಿಸಿದರು. ನಮ್ಮ ಬಂಪರ್‌ಗೂ ಬಸ್ಸಿಗೂ ನಡುವೆ ಎರಡು ಮಾರು ಜಾಗವಿತ್ತು. ಅವರು ಬಯ್ಯಲಿಲ್ಲ, ಕೈ ಸನ್ನೆ ಮಾಡಿ ನಮ್ಮನ್ನು ಎಡಕ್ಕೆ ಕಳುಹಿಸಿದರು. ಯಾವ ಊರಿನವರೋ, ಅವರ ಹೊಟ್ಟೆ ತಣ್ಣಗಿರಲಿ.

ಲಿವರನ್ನು ಡಿಗೆ ತಂದ ಮೇಲೆ ಗೇರ್ ಸರಿಹೋಯಿತು. ಉಳಿದ ಘಾಟಿಯನ್ನು ಹಾರ್ನ್ ಇಲ್ಲದೆ, ಬ್ರೇಕ್ ಒಂದನ್ನೇ ನಂಬಿ, ಎರಡು ಕಡೆ ನಿಲ್ಲಿಸಿ ಬ್ರೇಕ್ ಆರಿಸಿಕೊಂಡು ಇಳಿದೆವು. ಪ್ರತಿ ತಿರುವಿಗೂ ಹೆಂಡತಿ ಕಿಟಕಿ ಇಳಿಸಿ ಎದುರಿನ ವಾಹನದ ಸದ್ದಿಗೆ ಕಿವಿಗೊಡುತ್ತಿದ್ದಳು.

ಮರುದಿನ ಬೆಳಿಗ್ಗೆ ಊರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ವಯಸ್ಸಾದವರು, ಅಪ್ಪ ಇದ್ದಾಗಿನಿಂದ ಪರಿಚಯ. ಹಾರ್ನ್ ಇಲ್ಲ, ಸ್ಟಿಯರಿಂಗ್ ಮೇಲಿನ ಆಡಿಯೋ ಗುಂಡಿಗಳೂ ಇಲ್ಲ ಎಂದೆ. ಅವರು ಕಾರಿನೊಳಗೆ ಕುಳಿತು ಕೀಲಿ ತಿರುಗಿಸಿ, ಸುಮ್ಮನೆ ಡ್ಯಾಶ್‌ಬೋರ್ಡ್ ನೋಡಿದರು. ಬಹಳ ಹೊತ್ತು ನೋಡಿದರು.

‘ಮಾರಾಯರೇ, ಹಾರ್ನ್‌ಗೂ ಏರ್‌ಬ್ಯಾಗ್‌ಗೂ ಕರೆಂಟ್ ಹೋಗುವುದು ಒಂದೇ ಪಟ್ಟಿಯಲ್ಲಿ. ಪಟ್ಟಿ ಹರಿದರೆ ಏರ್‌ಬ್ಯಾಗ್ ದೀಪ ಹತ್ತಬೇಕಲ್ಲ? ಇಲ್ಲಿ ಯಾಕೆ ಹತ್ತಲಿಲ್ಲ?’ ಎಂದರು.

ಆ ಒಂದು ಪ್ರಶ್ನೆಗಾಗಿ ಅವರಿಗೆ ನಾನು ಜೀವನಪೂರ್ತಿ ಋಣಿ.

ಅವರು ಹೇಳಿದ ಪಟ್ಟಿಯ ವಿಷಯ ಎಲ್ಲರಿಗೂ ತಿಳಿದಿರಲಿ. ಸ್ಟಿಯರಿಂಗ್ ತಿರುಗುತ್ತದೆ, ಅದರ ಕೆಳಗಿನ ಕಂಬದ ಹೊದಿಕೆ ತಿರುಗುವುದಿಲ್ಲ. ಇವೆರಡರ ನಡುವೆ ವೈರ್ ಹರಿಯದೆ ಹೋಗಿಬರಲು ಗಡಿಯಾರದ ಸ್ಪ್ರಿಂಗ್‌ನಂತೆ ಸುತ್ತಿದ ಚಪ್ಪಟೆ ಪಟ್ಟಿಯನ್ನು ಒಂದು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ, ಕೆಲವರು ಸ್ಪೈರಲ್ ಕೇಬಲ್ ಎನ್ನುತ್ತಾರೆ. ಹಾರ್ನ್, ಆಡಿಯೋ ಗುಂಡಿಗಳು, ಏರ್‌ಬ್ಯಾಗ್ ಎಲ್ಲದರ ಸಂಪರ್ಕವೂ ಅದರೊಳಗಿಂದಲೇ. ಅದನ್ನು ಕೂರಿಸುವಾಗ ಸರಿಯಾಗಿ ನಡುವಿಗೆ ಹೊಂದಿಸದಿದ್ದರೆ ಒಂದು ಕಡೆ ಪೂರ್ತಿ ತಿರುಗಿಸಿದಾಗ ಪಟ್ಟಿ ತುಂಡಾಗುತ್ತದೆ. ಪ್ಯಾಡಲ್ ಇಲ್ಲದ ಮಾದರಿಯ ಕಾರಿನಲ್ಲಿ ಈ ಪಟ್ಟಿಯಲ್ಲಿ ಪ್ಯಾಡಲ್‌ನ ದಾರಿಗಳೇ ಇರದಿರಬಹುದು. ನಮ್ಮ ಕಾರಿನಲ್ಲಿ ಇರಲಿಲ್ಲ.

ಅವರು ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದರು. ಏರ್‌ಬ್ಯಾಗ್ ಕಂಪ್ಯೂಟರ್‌ನಲ್ಲಿ ಉಳಿದ ವಿದ್ಯುತ್ ಇಳಿಯಬೇಕು ಎಂದು ಕಾಯಿಸಿದರು. ಚಹಾ ಕುಡಿದು ಬಂದು ಕಂಬದ ಹೊದಿಕೆ ತೆಗೆದರು. ಪ್ಯಾಡಲ್‌ನ ಎರಡು ಸಣ್ಣ ವೈರ್‌ಗಳನ್ನು ಅಂಗಡಿಯವರು ಕ್ಲಾಕ್ ಸ್ಪ್ರಿಂಗ್‌ನ ಹೊರಗಿನಿಂದ ಕಂಬಕ್ಕೆ ಸಡಿಲವಾಗಿ ಸುತ್ತಿ ಇಳಿಸಿ, ಗೇರ್ ಲಿವರ್‌ನ ಪ್ಲಸ್ ಮತ್ತು ಮೈನಸ್ ವೈರ್‌ಗಳಿಗೆ ಇನ್ಸುಲೇಷನ್ ಟೇಪ್ ಹಾಕಿ ಹೊಸೆದಿದ್ದರು. ತಿರುಗಿ ತಿರುಗಿ ಸುತ್ತಿನ ವೈರ್ ಸವೆದು, ಮೈನಸ್ ವೈರ್ ಕಬ್ಬಿಣಕ್ಕೆ ತಾಗಿತ್ತು. ಅಂದರೆ ಯಾರೋ ಎಡಗಡೆಯ ಪ್ಯಾಡಲನ್ನು ಒತ್ತಿ ಹಿಡಿದಂತೆ. ವೇಗ ಕಡಿಮೆಯಿದ್ದುದರಿಂದ ಗೇರ್‌ಪೆಟ್ಟಿಗೆ ಒಪ್ಪಿ ಒಂದಕ್ಕೆ ಇಳಿಯಿತು. ಅದೇ ವೈರ್ ಸಿಕ್ಕಿಕೊಂಡು ಕ್ಲಾಕ್ ಸ್ಪ್ರಿಂಗ್‌ನ ಡಬ್ಬಿಯನ್ನು ಎಳೆದು ಒಳಗಿನ ಪಟ್ಟಿಯನ್ನೂ ಹರಿದಿತ್ತು.

ಆಮೇಲೆ ಅವರು ಹಳದಿ ಬಣ್ಣದ ಕನೆಕ್ಟರ್ ತೋರಿಸಿದರು. ಕಾರುಗಳಲ್ಲಿ ಏರ್‌ಬ್ಯಾಗ್ ಸಂಪರ್ಕಗಳನ್ನು ಗುರುತಿಸಲು ಬಳಸುವ ಬಣ್ಣ ಅದು. ಕಂಬದ ಕೆಳಗೆ ಅದನ್ನು ಕ್ಲಾಕ್ ಸ್ಪ್ರಿಂಗ್‌ಗೆ ಸೇರಿಸಿಯೇ ಇರಲಿಲ್ಲ. ಕಾರಿನ ಕಡೆಯ ತುದಿಗೆ ಒಂದು ಸಣ್ಣ ರೆಸಿಸ್ಟರ್ (ಕರೆಂಟ್ ಹರಿವಿಗೆ ತಡೆಯೊಡ್ಡುವ ಬಿಡಿಭಾಗ) ಸಿಕ್ಕಿಸಿ ಟೇಪ್ ಸುತ್ತಿದ್ದರು. ಏರ್‌ಬ್ಯಾಗ್ ಕಂಪ್ಯೂಟರ್ ಪ್ರತಿಸಲವೂ ಆ ದಾರಿಯಲ್ಲಿ ಅತಿ ಸಣ್ಣ ಕರೆಂಟ್ ಹರಿಸಿ, ಸಂಪರ್ಕ ಇದೆಯೇ ಎಂದು ಅದರ ಪ್ರತಿರೋಧ ನೋಡುತ್ತದೆ. ಏರ್‌ಬ್ಯಾಗ್ ಇದ್ದಲ್ಲಿ ರೆಸಿಸ್ಟರ್ ಸಿಕ್ಕರೂ ಅದಕ್ಕೆ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ದೀಪ ಆರುತ್ತದೆ. ಸ್ಕ್ಯಾನರ್ ಹಾಕಿದರೂ ದೋಷ ತೋರಿಸುವುದಿಲ್ಲ. ಗುಜರಿಯಿಂದ ತಂದ ಸ್ಟಿಯರಿಂಗ್‌ನ ಏರ್‌ಬ್ಯಾಗ್ ಪ್ಲಗ್ ನಮ್ಮ ಕಾರಿನ ಕ್ಲಾಕ್ ಸ್ಪ್ರಿಂಗ್‌ಗೆ ಹೊಂದುತ್ತಲೇ ಇರಲಿಲ್ಲ. ಕೆಂಪು ದೀಪವನ್ನು ‘ತೆಗೆದದ್ದು’ ಹೀಗೆ.

ಡಿಕ್ಕಿಯಾದಾಗ ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಅರಳುತ್ತದೆ. ಆ ಬಸ್ಸಿಗೆ ನಾವು ಗುದ್ದಿದ್ದರೆ ನನ್ನ ಎದೆಗೂ ಸ್ಟಿಯರಿಂಗ್‌ಗೂ ನಡುವೆ ಬೆಲ್ಟ್ ಒಂದೇ ಇರುತ್ತಿತ್ತು. ಹಿಂದಿನ ವಾರಗಳಲ್ಲಿ ನನ್ನ ಹೆಂಡತಿ ದಿನವೂ ಇದೇ ಕಾರಿನಲ್ಲಿ ಹೊರವರ್ತುಲ ರಸ್ತೆಯ ಮೇಲೆ ಕಚೇರಿಗೆ ಹೋಗಿಬಂದಿದ್ದಳು. ನನಗೆ ಸಿಟ್ಟು ಬರುವುದು ಇಲ್ಲಿ. ಕೆಲಸ ಗೊತ್ತಿಲ್ಲದೆ ಕೆಟ್ಟದಾಗಿ ಮಾಡಿದ್ದರೆ ಕ್ಷಮಿಸಬಹುದಿತ್ತು. ರೆಸಿಸ್ಟರ್ ಸಿಕ್ಕಿಸಿದವನಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರು ಇದು ಎಂಬುದೂ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ದಿಂಬು ಬಿದ್ದಿತ್ತಲ್ಲ.

ಅಂಗಡಿಗೆ ಫೋನ್ ಮಾಡಿದರೆ ‘ನಾವು ಅಂಥ ಕೆಲಸ ಮಾಡುವುದೇ ಇಲ್ಲ’ ಎಂದರು. ಬಿಲ್ಲಿನಲ್ಲಿ ‘ಸ್ಟಿಯರಿಂಗ್ ಫಿಟ್ಟಿಂಗ್’ ಎಂದು ಎರಡೇ ಪದ. ನನ್ನ ಹಳೆಯ ಸ್ಟಿಯರಿಂಗ್ ಮಾರಿಹೋಗಿತ್ತು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹೊಸ ಏರ್‌ಬ್ಯಾಗ್, ಸ್ಟಿಯರಿಂಗ್, ಕ್ಲಾಕ್ ಸ್ಪ್ರಿಂಗ್, ಲಿವರ್‌ನ ವೈರಿಂಗ್ ಎಲ್ಲ ಸೇರಿ ಅರವತ್ತೆಂಟು ಸಾವಿರ ಆಯಿತು. ಹೊರಗಿನವರು ಕತ್ತರಿಸಿದ ವೈರಿಂಗ್‌ಗೆ ವಾರಂಟಿ ಕೊಡುವುದಿಲ್ಲ ಎಂದು ಬರೆದುಕೊಟ್ಟರು. ಅವರದ್ದು ತಪ್ಪೆಂದು ನಾನು ಹೇಳಲಾರೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎಲೆಕ್ಟ್ರಿಷಿಯನ್ ತೆಗೆದ ಫೋಟೋಗಳನ್ನೂ ಆ ರೆಸಿಸ್ಟರನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆರ್‌ಸಿ ಪುಸ್ತಕದಲ್ಲಿ ಸ್ಟಿಯರಿಂಗ್ ವಿವರ ಇರುವುದಿಲ್ಲ, ಯಾರೂ ಕೇಳುವುದಿಲ್ಲ ಎಂದು ಅಂಗಡಿಯವರು ಧೈರ್ಯ ಹೇಳುತ್ತಾರೆ. ಆದರೆ ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದನ್ನು ಕಳಚಿದ ಕಾರು ಅಪಘಾತಕ್ಕೆ ಸಿಕ್ಕರೆ ವಿಮೆಯವರು ತಕರಾರು ತೆಗೆಯಲು ಅದೇ ಸಾಕು.

ಪ್ಯಾಡಲ್ ಬೇಕೇ ಬೇಕೆನ್ನುವವರು ಅದಿರುವ ಮಾದರಿಯನ್ನೇ ಕೊಳ್ಳಿ. ಇಲ್ಲವಾದರೆ ಕಾರು ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ನಿಮ್ಮ ಕಾರಿನ ಚಾಸಿಸ್ ಸಂಖ್ಯೆ ಕೊಟ್ಟು, ಈ ಕಾರಿಗೆ ಪ್ಯಾಡಲ್ ಕೂರಿಸಲು ಬರುತ್ತದೆಯೇ ಎಂದು ಕೇಳಿ. ಅವರು ಆಗುವುದಿಲ್ಲ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಘಾಟಿಗಾಗಿ ಪ್ಯಾಡಲ್ ಬೇಕಾಗಿಯೂ ಇಲ್ಲ. ಗೇರನ್ನು ತಿರುವಿನೊಳಗೆ ಇಳಿಸಬಾರದು, ಇಳಿಜಾರು ಶುರುವಾಗುವ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಅದಕ್ಕೆ ಲಿವರ್ ಧಾರಾಳವಾಗಿ ಸಾಕು. ನಾನೀಗ ಕೊಟ್ಟಿಗೆಹಾರ ದಾಟಿದ ಕೂಡಲೇ ಎರಡಕ್ಕೆ ತಂದರೆ ಚಾರ್ಮಾಡಿ ಮುಟ್ಟುವವರೆಗೂ ಲಿವರ್ ಮುಟ್ಟುವುದು ಅಪರೂಪ.

ಹೊರಗಿನ ಅಂಗಡಿಯಲ್ಲಿ ಈಗಾಗಲೇ ಸ್ಟಿಯರಿಂಗ್ ಬದಲಿಸಿಕೊಂಡವರು, ದೀಪ ಆರಿದೆ ಎಂದು ಸುಮ್ಮನಿರಬೇಡಿ. ನೀವಾಗಿಯೇ ಬಿಚ್ಚಲೂ ಹೋಗಬೇಡಿ, ಏರ್‌ಬ್ಯಾಗ್ ಸಿಡಿದರೆ ಕೈ ಮುಖ ಸುಡುತ್ತದೆ. ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ, ಸ್ಕ್ಯಾನರ್ ಹಾಕಿ ನೋಡಿದರೆ ಸಾಲದು, ಕಂಬದ ಹೊದಿಕೆ ತೆಗೆದು ಹಳದಿ ಕನೆಕ್ಟರ್ ಎಲ್ಲಿಗೆ ಸೇರಿದೆ ಎಂದು ನಮ್ಮೆದುರಿಗೇ ತೋರಿಸಿ ಎಂದು ಕೇಳಿ. ಏರ್‌ಬ್ಯಾಗ್ ಯಾವ ಕಾರಿನದು, ಒಮ್ಮೆ ಸಿಡಿದದ್ದಕ್ಕೆ ಹೊಸ ಮುಚ್ಚಳ ಹಾಕಿದ್ದಾರೆಯೇ ಎಂದೂ ನೋಡಲು ಹೇಳಿ. ಮುಂದಿನ ಪ್ರಯಾಣಕ್ಕೆ ಹೊರಡುವ ಮೊದಲೇ ಇದನ್ನು ಮಾಡಿಸಿ.