“ನೀವೇ ಜೋಡಿಸ್ಕೊಬಹುದು ಸರ್” ಅಂದರೆ ಸ್ಕ್ರೂಡ್ರೈವರ್ ಕೆಳಗಿಡಿ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ಓದಿ ಹೋಗಿ. ಬಿಡಿ ಹಲಗೆಗಳಾಗಿ ಡಬ್ಬದಲ್ಲಿ ಬರೋ ಫರ್ನಿಚರ್ ತರಿಸಿದ್ದೀರಿ, ಜೋಡಿಸೋಕೆ ನಮ್ಮವರೇ ಬರ್ತಾರೆ ಅಂತ ಕಂಪನಿ ಹೇಳಿದೆ, ಆಮೇಲೆ ಅದೇ ಕಂಪನಿಯವರು ಫೋನಲ್ಲಿ “ನೀವೇ ಮಾಡ್ಕೊಬಹುದು ಸರ್, ತುಂಬಾ ಸುಲಭ” ಅಂದರೆ, ಆ ಮಾತನ್ನ ಬರೆದು ಕಳಿಸೋ ತನಕ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಒಂದೂ. ನಾನು ಮುಟ್ಟಿದೆ. ಎಂಬತ್ತು ಚಿಲ್ಲರೆ ಸ್ಕ್ರೂ ತಿರುಗಿಸಿದೆ. ಈಗ ನನ್ನ ಮೂರು ಬಾಗಿಲ ವಾರ್ಡ್‌ರೋಬಿಗೆ ಎರಡೇ ಬಾಗಿಲು. ಮೂರನೆಯದು ಮಂಚದ ಹಿಂದೆ ಗೋಡೆಗೆ ಒರಗಿ ನಿಂತಿದೆ.

ಇನ್ನು ಪುರುಸೊತ್ತಿರೋರಿಗೆ ಮೊದಲಿಂದ ಹೇಳ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಯಾಕಂದ್ರೆ ಮನೇಲಿ ನಲ್ಲಿ ವಾಷರ್ ಬದಲಾಯಿಸೋದು, ಫ್ಯಾನ್ ರೆಗ್ಯುಲೇಟರ್ ಹಾಕೋದು, ಎಲ್ಲಾ ನಾನೇ. ನೆಂಟರ ಮನೆಗೆ ಹೋದರೂ ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಬಿಟ್ಟು ಬರೋ ಪೈಕಿ. ಆ ಜಂಬಕ್ಕೇ ಏಟು ಬಿದ್ದಿದ್ದು.

ವಾರ್ಡ್‌ರೋಬಿನ ಪುಟದಲ್ಲಿ ದೊಡ್ಡದಾಗಿ ಬರೆದಿತ್ತು: ಸಾಲಿಡ್ ವುಡ್ ಫಿನಿಶ್. ಉಚಿತ ಜೋಡಣೆ. ಒಂದು ವರ್ಷ ವಾರಂಟಿ. ಸಾಲಿಡ್ ವುಡ್ ಅನ್ನೋದನ್ನ ನಾನು ಓದಿದೆ, ಫಿನಿಶ್ ಅನ್ನೋದನ್ನ ಓದಲಿಲ್ಲ. ಅಂದ್ರೆ ಕಣ್ಣು ಓದಿತು, ತಲೆ ಓದಲಿಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನಾಲ್ಕು ಡಬ್ಬ ಬಂತು. ಒಂದರ ಮೂಲೆ ಜಜ್ಜಿಹೋಗಿತ್ತು. ತಂದ ಹುಡುಗ “ಒಳಗೆ ಥರ್ಮಾಕೋಲ್ ಇರುತ್ತೆ ಸರ್, ಏನೂ ಆಗಿರಲ್ಲ, ಓಟಿಪಿ ಹೇಳಿ” ಅಂದ. ಹೇಳಿದೆ. ಡಬ್ಬ ಬಿಚ್ಚದೆ ಓಟಿಪಿ ಹೇಳಿದೆ. ಇದು ಮೊದಲನೇ ಪೆದ್ದುತನ, ಆದರೆ ದೊಡ್ಡದಲ್ಲ.

ಜೋಡಿಸೋ ಟೆಕ್ನಿಷಿಯನ್ ಮಾರನೇ ದಿನ ಬರಬೇಕಿತ್ತು. ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಮೂರನೇ ಸಲ ನಾನು ಅರ್ಧ ದಿನ ರಜೆ ಹಾಕಿ ಕೂತೆ. ಸಂಜೆ ಮೆಸೇಜ್ ಬಂತು: “ನಿಮ್ಮ ಜೋಡಣೆ ಯಶಸ್ವಿಯಾಗಿ ಪೂರ್ಣಗೊಂಡಿದೆ.” ನಾಲ್ಕೂ ಡಬ್ಬ ಹಾಲ್‌ನಲ್ಲಿ ಟೇಪ್ ಕೂಡ ಬಿಚ್ಚದೆ ಬಿದ್ದಿವೆ, ನಾನು ಅದರ ಮೇಲೇ ಕೂತು ಈ ಮೆಸೇಜ್ ಓದ್ತಾ ಇದ್ದೀನಿ.

ಫೋನ್ ಮಾಡಿದೆ. ಹನ್ನೊಂದು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬರು ಹೆಣ್ಣುಮಗಳು, ಬಹಳ ಮರ್ಯಾದೆಯಿಂದ, “ಸರ್, ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ, ಮತ್ತೆ ಓಪನ್ ಮಾಡಿದರೆ ಎಂಟು ಹತ್ತು ದಿನ ಆಗುತ್ತೆ. ಡಬ್ಬದಲ್ಲಿ ಮ್ಯಾನ್ಯುಯಲ್ ಇದೆಯಲ್ಲ ಸರ್, ವಿಡಿಯೋನೂ ಕಳಿಸ್ತೀನಿ. ನೀವೇ ಜೋಡಿಸ್ಕೊಬಹುದು, ತುಂಬಾ ಜನ ಮಾಡ್ಕೋತಾರೆ” ಅಂದರು. ತುಂಬಾ ಜನ ಮಾಡ್ಕೋತಾರೆ! ನನಗೆ ಅಷ್ಟು ಸಾಕಾಯ್ತು. ನಾನೇನು ಕಡಿಮೆ? ಡ್ರಿಲ್ ಇದೆ, ಸ್ಪಿರಿಟ್ ಲೆವೆಲ್ ಇದೆ, ಭಾನುವಾರ ಇದೆ.

ನನ್ನ ತಪ್ಪನ್ನೂ ಹೇಳ್ತೀನಿ, ಮುಚ್ಚಿಡೋದು ಸರಿಯಲ್ಲ. ಕ್ಯಾಮ್ ಲಾಕ್ ಗೊತ್ತಲ್ಲ, ಹಲಗೆ ಒಳಗೆ ಕೂರೋ 15 ಮಿಲಿಮೀಟರ್ ಅಗಲದ ಗುಂಡು ಬಿಲ್ಲೆ, ಅದರ ಬಾಣದ ಗುರುತು ಬೋಲ್ಟ್ ಬರೋ ಕಡೆ ನೋಡ್ತಿರಬೇಕು, ಆಮೇಲೆ ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತೆ. ನಾನು ಡ್ರಿಲ್ ಮಷೀನಿಗೆ ಸ್ಕ್ರೂ ಬಿಟ್ ಹಾಕಿ ಬಿಗಿದೆ. ಎರಡು ಕಡೆ ಹಲಗೆ ಒಳಗಿಂದ ಕರಕ್ ಅಂತು. ಹಿಂದಿನ ತೆಳು ಹಲಗೆ ಮೊಳೆ ಹೊಡೆಯೋ ಮುಂಚೆ ಎರಡೂ ಕರ್ಣ ಅಳೆದು ನೋಡಬೇಕು, ಎರಡೂ ಒಂದೇ ಅಳತೆ ಬಂದರೆ ಮಾತ್ರ ಚೌಕಟ್ಟು ಮೂಲೆಗೆ ಸರಿ ಕೂತಿದೆ ಅಂತ. ಅಳೆಯಲಿಲ್ಲ. ನೇರವಾಗೇ ಕಾಣ್ತಿತ್ತು. ಹಿಂದಿನ ಹಲಗೆ ಧೂಳು ತಡೆಯೋಕೆ ಮಾತ್ರ ಅಂತ ಅಂದುಕೊಂಡಿದ್ದೆ, ಇಡೀ ಪೆಟ್ಟಿಗೆ ಓಲಾಡದ ಹಾಗೆ ಹಿಡಿಯೋದೇ ಅದು ಅನ್ನೋದು ಆಮೇಲೆ ಗೊತ್ತಾಯ್ತು.

ಇಷ್ಟು ನನ್ನ ಪಾಲು. ಈಗ ಅವರ ಪಾಲು ಕೇಳಿ.

ಮೂರನೇ ಬಾಗಿಲಿನ ಕೀಲು ಕೂರೋ ಪ್ಲೇಟಿಗೆ ಪಕ್ಕದ ಹಲಗೆಯಲ್ಲಿ ಫ್ಯಾಕ್ಟರಿಯವರೇ ಕೊರೆದಿದ್ದ ತೂತು ಒಂದು ಸೆಂಟಿಮೀಟರ್ ಕೆಳಗಿತ್ತು. ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಕೀಲಿನ ಮೇಲಿರೋ ಸ್ಕ್ರೂ ತಿರುಗಿಸಿ ಬಾಗಿಲನ್ನ ಮೇಲೆ ಕೆಳಗೆ, ಆಚೆ ಈಚೆ ಸರಿಸಬಹುದು, ಅದೂ ನನಗೆ ಗೊತ್ತು, ಸರಿಸಿದೆ. ಎರಡು ಮೂರು ಮಿಲಿಮೀಟರ್ ಸಿಗುತ್ತೆ ಅಷ್ಟೇ, ಒಂದು ಸೆಂಟಿಮೀಟರ್ ಎಲ್ಲಿಂದ ತರಲಿ? ಮತ್ತೆ ಫೋನ್ ಮಾಡಿದೆ. ಮತ್ತೆ ಸಂಗೀತ. ಈ ಸಲ ಒಬ್ಬ ಹುಡುಗ. “ಸರ್, ಸ್ವಲ್ಪ ಮೇಲೆ ಹೊಸ ತೂತು ಮಾಡಿ ಅಡ್ಜಸ್ಟ್ ಮಾಡ್ಕೊಳ್ಳಿ, ಡ್ರಿಲ್ ಇದೆ ಅಂದ್ರಲ್ಲ.”

ಅಂದ್ರಲ್ಲ. ಹೌದು, ನಾನೇ ಹೇಳಿದ್ದೆ.

ಡ್ರಿಲ್ ಒತ್ತಿದೆ. ಮರ ಕೊರೆದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತೆ, ವಾಸನೆ ಬರುತ್ತೆ. ಇಲ್ಲಿ ಬಂದಿದ್ದು ಪುಡಿ. ಒಣಗಿದ, ಬಿಳಿಚಿಕೊಂಡ ಪುಡಿ, ಬೆರಳಲ್ಲಿ ಹಿಸುಕಿದರೆ ಹೊಟ್ಟು. ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಮೇಲೆ ತೇಗದ ಗೆರೆ ಅಚ್ಚು ಮಾಡಿದ ಕಾಗದದಷ್ಟು ದಪ್ಪದ ಪದರ, ಒಳಗೆಲ್ಲಾ ಪಾರ್ಟಿಕಲ್ ಬೋರ್ಡ್. ಮರದ ಚೂರಿಗೆ ಅಂಟು ಕಲಸಿ ಒತ್ತಿದ್ದು. ಪಾರ್ಟಿಕಲ್ ಬೋರ್ಡ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಗೊತ್ತಿದ್ದು ತಗೊಂಡರೆ, ಒದ್ದೆ ಮಾಡದೆ ಇಟ್ಟುಕೊಂಡರೆ ವರ್ಷಗಟ್ಟಲೆ ಬಾಳುತ್ತೆ. ಗೊತ್ತಿಲ್ಲದೆ ತಗೊಂಡೆನಲ್ಲ, ಅದು. ಡ್ರಿಲ್ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತು ಫೋನ್ ತೆಗೆದು ಆ ಪುಟ ಮತ್ತೆ ನೋಡಿದೆ. ಸಾಲಿಡ್ ವುಡ್ ಫಿನಿಶ್. ಫಿನಿಶ್! ಅಷ್ಟು ದಿನ ಆ ಪದ ಅಲ್ಲೇ ಇತ್ತು, ಸಣ್ಣಕ್ಷರದಲ್ಲೂ ಅಲ್ಲ, ಅಷ್ಟೇ ದಪ್ಪಕ್ಕೆ. ಹೆಂಡತಿ ಬಾಗಿಲಲ್ಲಿ ನಿಂತು “ಏನ್ರೀ, ಆಯ್ತಾ?” ಅಂದಳು. “ಆಯ್ತು” ಅಂದೆ.

ಹತ್ತೊಂಬತ್ತು ದಿನ ನಿಂತಿತು. ಇಪ್ಪತ್ತನೇ ದಿನ ಬೆಳಿಗ್ಗೆ ನಾನು ಶೇವ್ ಮಾಡ್ತಿದ್ದೆ, ರೂಮಿನಿಂದ “ರೀ... ಬೇಗ ಬನ್ನಿ ಇಲ್ಲಿ” ಅಂತ ಮೆಲ್ಲಗೆ ಕೂಗಿದಳು. ಹೋಗಿ ನೋಡಿದರೆ ಬಾಗಿಲನ್ನ ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಾಳೆ, ಅಲ್ಲಾಡಿದರೆ ಕನ್ನಡಿ ಒಡೆಯುತ್ತೆ ಅಂತ ಅಲ್ಲಾಡದೆ ನಿಂತಿದ್ದಾಳೆ. ಕೀಲು ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಕೆಳಗೆ ಒಂದು ಹಿಡಿ ಹೊಟ್ಟು.

ಮೇಲ್ ಬರೆದೆ, ಫೋಟೋ ಸಮೇತ. ಉತ್ತರ: “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ಫೋಟೋ ಕಳಿಸಿ.” ಕಳಿಸಿದೆ. “ದಯವಿಟ್ಟು ಸ್ಪಷ್ಟವಾದ ಫೋಟೋ ಕಳಿಸಿ.” ಕಳಿಸಿದೆ. “ನಿಮ್ಮ ದೂರನ್ನು ಪರಿಹರಿಸಲಾಗಿದೆ.” ಏನು ಪರಿಹರಿಸಿದ್ರಿ ಅಂತ ಕೇಳಿದರೆ ಮತ್ತೆ “ದಯವಿಟ್ಟು ಫೋಟೋ ಕಳಿಸಿ.” ಐದು ಸಲ ಕಳಿಸಿದೆ. ನನ್ನ ಮದುವೆ ಫೋಟೋ ಕೂಡ ಇಷ್ಟು ಜನಕ್ಕೆ ಕಳಿಸಿರಲಿಲ್ಲ.

ಕೊನೆಗೆ ಸೂಪರ್‌ವೈಸರ್ ಅಂತ ಒಬ್ಬರು ಅವರಾಗೇ ಫೋನ್ ಮಾಡಿದರು. ನನಗೆ ಖುಷಿ ಆಯ್ತು ನೋಡಿ, ಅಲ್ಲೇ ಬುದ್ಧಿ ಕೆಟ್ಟಿದ್ದು. ಸಮಾಧಾನವಾಗಿ ಮಾತಾಡಿದರು. ಮನೆಯವರಿಗೆ ಏನೂ ಪೆಟ್ಟಾಗಿಲ್ಲ ತಾನೆ ಅಂತ ವಿಚಾರಿಸಿದರು. ಆಮೇಲೆ,

“ಸರ್, ಫೋಟೋದಲ್ಲಿ ಕೀಲಿನ ಹತ್ರ ಇನ್ನೊಂದು ಜೊತೆ ತೂತು ಕಾಣ್ತಿದೆ. ನಮ್ಮ ಫ್ಯಾಕ್ಟರಿದಲ್ಲ. ಯಾರು ಮಾಡಿದ್ದು ಸರ್?”

“ನಾನೇ ಮಾಡಿದ್ದು.”

“ಜೋಡಿಸಿದ್ದು?”

“ಪೂರ್ತಿ ನಾನೇ ಜೋಡಿಸಿದ್ದು.”

ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ದೇವರಾಣೆ ಇತ್ತು. ಆ ಕಡೆ ಕೀಬೋರ್ಡ್ ಟಕಟಕ ಸದ್ದು ಕೇಳಿಸಿತು.

“ಓಕೆ ಸರ್. ಗ್ರಾಹಕರೇ ಜೋಡಿಸಿದ್ದಕ್ಕೆ ಮತ್ತು ಮಾರ್ಪಾಡು ಮಾಡಿದ್ದಕ್ಕೆ ವಾರಂಟಿ ಅನ್ವಯಿಸಲ್ಲ.”

ನಿಮ್ಮವರೇ ಹೇಳಿದ್ದು ಅಂದೆ. “ಯಾರು ಹೇಳಿದ್ದು ಸರ್, ಹೆಸರು?” ಹೆಸರು ಕೇಳಿಟ್ಟುಕೊಂಡಿರಲಿಲ್ಲ. ಕರೆ ರೆಕಾರ್ಡ್ ಮಾಡ್ಕೋತೀರಲ್ಲ, ನಿಮ್ಮ ಹತ್ರಾನೇ ಇರುತ್ತೆ, ಕೇಳಿ ನೋಡಿ ಅಂದೆ. “ಅದು ತರಬೇತಿಗೆ ಮಾತ್ರ ಸರ್.” ಟೆಕ್ನಿಷಿಯನ್ ಬರಲೇ ಇಲ್ಲ ಅಂದೆ. “ಸಿಸ್ಟಮ್‌ನಲ್ಲಿ ಜೋಡಣೆ ಪೂರ್ಣ ಅಂತಿದೆ ಸರ್.” ಹಾಗಾದ್ರೆ ಜೋಡಿಸಿದ್ದು ನೀವೋ ನಾನೋ, ಒಂದು ಹೇಳಿ ಅಂತ ಕೂಗಿದೆ. ಕೂಗಿಬಿಟ್ಟೆ. ಅವರು ಜೋಡಿಸಿದ್ದಾದರೆ ವಾರಂಟಿ ಇರಬೇಕು, ನಾನು ಜೋಡಿಸಿದ್ದಾದರೆ ಅವರ ಮೆಸೇಜ್ ಸುಳ್ಳು. ಇಷ್ಟು ಸರಳ. ಅವರು “ನಿಮ್ಮ ಭಾವನೆ ಅರ್ಥವಾಗುತ್ತೆ ಸರ್” ಅಂದರು. ಸಾಲಿಡ್ ವುಡ್ ಅಂತ ಮಾರಿದ್ರಲ್ಲ ಅಂದಿದ್ದಕ್ಕೆ “ಫಿನಿಶ್ ಅಂದ್ರೆ ಮೇಲಿನ ನೋಟ ಸರ್.” ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬಡಗಿಯನ್ನ ಕರೆಸಿದೆ. ಬೆರಳ ಗೆಣ್ಣಲ್ಲಿ ಎರಡು ಸಲ ತಟ್ಟಿ ನಕ್ಕ. ಹಳೇ ತೂತು, ಹೊಸ ತೂತು ಒತ್ತೊತ್ತಿಗೆ ಬಂದಿವೆ, ನಡುವೆ ಉಳಿದ ಹೊಟ್ಟಿಗೆ ಸ್ಕ್ರೂ ಹಿಡಿಯೋ ಶಕ್ತಿ ಎಲ್ಲಿಂದ ಬರಬೇಕು ಸಾರ್ ಅಂದ. ತೂತಿಗೆ ಅಂಟು ಹಚ್ಚಿದ ಮರದ ಬೆಣೆ ತುಂಬಿ ಒಣಗಿಸಿ ಮತ್ತೆ ಸಣ್ಣ ತೂತು ಕೊರೆಯಬಹುದು, ಇಲ್ಲಾಂದ್ರೆ ಆ ಜಾಗಕ್ಕೆ ಪ್ಲೈವುಡ್ ಪಟ್ಟಿ ಕೂರಿಸಿ ಹಲಗೆ ತೂರಿ ಆಚೆ ಬರೋ ಬೋಲ್ಟ್ ಹಾಕಬೇಕು ಅಂತ ಹೇಳಿದ. ಆಮೇಲೆ ಅವನೇ ಕೇಳಿದ, ಇದನ್ನ ಗೋಡೆಗೆ ಕಟ್ಟಿಲ್ವಾ ಅಂತ. ಇಷ್ಟೆತ್ತರದ್ದನ್ನ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಯದೆ ಬಿಟ್ಟರೆ, ಬಾಗಿಲೆಲ್ಲಾ ತೆರೆದು ಡ್ರಾಯರ್ ಎಳೆದಾಗ ಮುಂದಕ್ಕೆ ಮಗುಚಬಹುದು. ಮ್ಯಾನ್ಯುಯಲ್‌ನ ಕೊನೇ ಪುಟದಲ್ಲಿ ಆ ಕ್ಲ್ಯಾಂಪಿನ ಚಿತ್ರ ಇದೆ, ಡಬ್ಬದಲ್ಲಿ ಕ್ಲ್ಯಾಂಪ್ ಇರಲಿಲ್ಲ. ಬಾಗಿಲು ಬಿದ್ದಿದ್ದು ಬಿಡಿ, ಇದನ್ನ ಕೇಳಿದ ಮೇಲೆ ನನಗೆ ಕೈಕಾಲು ತಣ್ಣಗಾಯ್ತು. ಅವತ್ತೇ ಗೋಡೆಗೆ ಕಟ್ಟಿಸಿದೆ. ಬಾಗಿಲನ್ನ ಮಾತ್ರ ಹಾಗೇ ಇಟ್ಟಿದ್ದೀನಿ, ಸಾಕ್ಷಿಗೆ.

ತಗೊಳ್ಳೋರು ಡಬ್ಬ ಬಿಚ್ಚೋದನ್ನ ವಿಡಿಯೋ ಮಾಡಿ, ಸ್ಕ್ರೂ ಪೊಟ್ಟಣ ಎಣಿಸಿ, ಆಮೇಲೆ ಓಟಿಪಿ. ಆಗಲ್ಲ ಅಂತ ಹುಡುಗ ಗೊಣಗಿದರೆ ಗೊಣಗಲಿ. ಫಿನಿಶ್, ಲುಕ್, ಟೆಕ್ಸ್‌ಚರ್ ಈ ಮೂರು ಪದ ಎಲ್ಲಿದ್ದರೂ ಅದರ ಹಿಂದಿನ ಪದ ಸುಳ್ಳು ಅಂತಲೇ ಓದಿ. ಫೋನಲ್ಲಿ ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಮತ್ತೆ ಯಾರಾದ್ರೂ ನಿಮ್ಮ ಕೈಕೆಲಸ ಹೊಗಳಿದರೆ ಒಂದು ಗಳಿಗೆ ಸುಮ್ಮನಿರಿ.

ಕಳೆದ ವಾರ ಇನ್ನೊಂದು ಫೋನ್ ಬಂತು. ವಿಶೇಷ ಪ್ರಕರಣ ಅಂತ ಪರಿಗಣಿಸಿ ಒಂದು ಹೊಸ ಬಾಗಿಲು, ಒಂದು ಪಕ್ಕದ ಹಲಗೆ ಉಚಿತವಾಗಿ ಕಳಿಸ್ತಾರಂತೆ. ಜೋಡಿಸೋಕೆ ಯಾರು ಬರ್ತಾರೆ ಅಂತ ಕೇಳಿದೆ. “ಸರ್, ಒಂದೇ ಬಾಗಿಲಲ್ವಾ, ನೀವೇ ಹಾಕ್ಕೊಬಹುದು.” ಆ ಮಾತನ್ನ ಹಾಗೇ ಒಂದು ಮೇಲ್‌ನಲ್ಲಿ ಬರೆದು ಕಳಿಸಿ ಅಂದೆ. ಖಂಡಿತ ಸರ್, ಈಗಲೇ ಕಳಿಸ್ತೀವಿ ಅಂದರು. ಆರು ದಿನ ಆಯ್ತು.