ಕಿಟಕಿ ದೊಡ್ಡದೋ ಚಿಕ್ಕದೋ: ಒಂದು ಪಾಳು ಕಂಟ್ರೋಲ್ ಟವರನ್ನು ಮೂರು ಬಗೆಯಲ್ಲಿ ಕಟ್ಟಿ ನೋಡಿದ್ದು

ಒಂದೇ ಕಟ್ಟಡ, ಒಂದೇ ಮಧ್ಯಾಹ್ನ ತೆಗೆದ ಚಿತ್ರಗಳು. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಮೂರು ಬೇರೆ ಬೇರೆ ಕಂಟ್ರೋಲ್ ಟವರ್‌ಗಳಿವೆ. ಒಂದನ್ನು ಕೃತಕ ಬುದ್ಧಿಮತ್ತೆ ಕಟ್ಟಿಕೊಟ್ಟಿತು, ಇನ್ನೊಂದನ್ನು ನಾನು ಕೂತು ಕೈಯಲ್ಲಿ ತಿದ್ದಿದೆ, ಮತ್ತೊಂದನ್ನು ತಂಗಿಯ ಮಗನ ಜೊತೆ ಸೇರಿ ಮೂರು ಆಯಾಮದಲ್ಲಿ ಎಬ್ಬಿಸಿದೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ವಿಮಾನನೆಲೆಯ ಈ ಟವರ್ ಇರುವುದು ಇಂಗ್ಲೆಂಡಿನ ನಾರ್ವಿಚ್ ಊರಿನ ಹೊರಗೆ, ಒಂದು ಬಾರ್ಲಿ ಹೊಲದ ಅಂಚಿನಲ್ಲಿ. ಮಗಳು ಆ ಊರಿನಲ್ಲಿ ಕೆಲಸದಲ್ಲಿದ್ದಾಳೆ, ಹೋದ ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿದ್ದೆ. ಹೊಲದ ಮಾಲೀಕರಿಗೆ ಕೊಟ್ಟ ಮಾತಿನಂತೆ ಜಾಗದ ಹೆಸರು ಬರೆಯುವುದಿಲ್ಲ. ಸ್ನೇಹಿತರು ಕೇಳುತ್ತಾರೆ: ನಮ್ಮಲ್ಲೇ ಯಲಹಂಕ ಇದೆ, ಜಾಲಹಳ್ಳಿ ಇದೆ, ಅಷ್ಟು ದೂರ ಯಾಕೆ? ನಮ್ಮ ಯುದ್ಧಕಾಲದ ನೆಲೆಗಳು ಇನ್ನೂ ಜೀವಂತವಾಗಿವೆ, ಅದಕ್ಕೆ. 1944ರಲ್ಲಿ ಬ್ರಿಟಿಷ್ ಪೈಲಟ್‌ಗಳು ಥಂಡರ್‌ಬೋಲ್ಟ್ ಯುದ್ಧವಿಮಾನ ಹಾರಿಸಲು ಕಲಿತ ಯಲಹಂಕದಲ್ಲಿ ಇವತ್ತಿಗೂ ವಾಯುಪಡೆ ಇದೆ. ಗೋಡೆಯ ಮೇಲೆ ಛಾಯಾಗ್ರಹಣ ನಿಷೇಧದ ಫಲಕ ಇರುವಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದು ಹವ್ಯಾಸವಲ್ಲ, ಅಪರಾಧ. ನಾರ್ವಿಚ್ ಸುತ್ತ ಕಥೆಯೇ ಬೇರೆ. ಯುದ್ಧ ಮುಗಿದ ಮೇಲೆ ಬಹುಪಾಲು ನೆಲೆಗಳು ಮತ್ತೆ ಹೊಲವಾದವು, ರನ್‌ವೇ ಕಾಂಕ್ರೀಟು ಒಡೆದು ರಸ್ತೆಗೆ ಹೋಯಿತು. ಆಟಲ್‌ಬ್ರಿಡ್ಜ್ ನೆಲೆಯ ರನ್‌ವೇ ಮೇಲೆ ಟರ್ಕಿ ಕೋಳಿ ಸಾಕುವ ಉದ್ದುದ್ದ ಶೆಡ್‌ಗಳು ನಿಂತವು. ಹೆತಲ್‌ನಲ್ಲಿ 1966ರಿಂದ ಲೋಟಸ್ ಕಾರಿನ ಕಾರ್ಖಾನೆ ಇದೆ, ಬಾಂಬರ್ ಓಡಿದ ಜಾಗದಲ್ಲಿ ಕಾರು ಓಡಿಸಿ ಪರೀಕ್ಷಿಸುತ್ತಾರೆ.

ನನಗಿರುವ ಎಳೆತಕ್ಕೆ ಇನ್ನೊಂದು ಕಾರಣವೂ ಇದೆ. ಈ ಸೀಮೆಯಿಂದ ಹಾರುತ್ತಿದ್ದದ್ದು ಹೆಚ್ಚಾಗಿ ಅಮೆರಿಕನ್ನರ ಲಿಬರೇಟರ್ ಬಾಂಬರ್ ವಿಮಾನಗಳು. ಅದೇ ಬಗೆಯ ವಿಮಾನಗಳನ್ನು ಯುದ್ಧದ ನಂತರ ಬ್ರಿಟಿಷರು ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋಗಿದ್ದರು. ಅವುಗಳಲ್ಲಿ ಸುಮಾರು 40 ವಿಮಾನಗಳನ್ನು ಪೈಲಟ್ ಜಮ್ಷೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು, ಎಚ್‌ಎಎಲ್‌ನಲ್ಲಿ ರಿಪೇರಿಯಾಗಿ ಅವು ನಮ್ಮ ವಾಯುಪಡೆ ಸೇರಿದವು. ನಮ್ಮ ತಂದೆ ಆ ಶೆಡ್‌ನಲ್ಲಿ ರಿವೆಟ್ ಹೊಡೆಯುತ್ತಿದ್ದರು. ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿರುವ ಲಿಬರೇಟರ್ ಕೂಡ ಭಾರತ 1974ರಲ್ಲಿ ಉಡುಗೊರೆಯಾಗಿ ಕೊಟ್ಟದ್ದು. ಹಾಗಾಗಿ ಆ ಪಾಳು ಟವರ್ ಮುಂದೆ ನಿಂತಾಗ ಪರಊರು ಎನಿಸಲಿಲ್ಲ.

ಕ್ಯಾಮೆರಾ ವಿಷಯ ಬೇಗ ಮುಗಿಸುತ್ತೇನೆ. ಮೊಬೈಲಿನಲ್ಲೂ ಹಳೆಯ ಡಿಎಸ್‌ಎಲ್‌ಆರ್‌ನಲ್ಲೂ ತೆಗೆದೆ. ಮೊಬೈಲಿನ ಚಿತ್ರ ನೋಡಲು ಚಂದ, ಹಿಗ್ಗಿಸಿದರೆ ಇಟ್ಟಿಗೆಗಳು ಬೆಣ್ಣೆ ಸವರಿದಂತೆ ಕಾಣುತ್ತವೆ, ಯಂತ್ರವೇ ನಯಮಾಡಿ ಕೊಟ್ಟಿರುತ್ತದೆ. ಡಿಎಸ್‌ಎಲ್‌ಆರ್‌ನ ರಾ ಕಡತದಲ್ಲಿ, ಅಂದರೆ ಯಂತ್ರ ತಿದ್ದದೆ ಕೊಡುವ ಚಿತ್ರದಲ್ಲಿ, ಗಾರೆಯ ಮರಳು ಸಹ ಕಾಣುತ್ತದೆ. ಟ್ರೈಪಾಡ್ ಇದ್ದರೆ ಒಳ್ಳೆಯದು. ಬಿಸಿಲಿಗಿಂತ ಮೋಡ ಕವಿದ ದಿನ ಉತ್ತಮ, ನೆರಳು ಗಟ್ಟಿಯಾಗಿದ್ದರೆ ಆಮೇಲೆ ತಿದ್ದುವಾಗ ಅಳುವುದೊಂದೇ ಬಾಕಿ. ನಾರ್ವಿಚ್ ಇರುವ ನಾರ್‌ಫೋಕ್ ಸೀಮೆಯಲ್ಲಿ ಮೋಡಕ್ಕೆ ಬರವಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಹಿಡಿದದ್ದು ಸೋಮಾರಿಯ ದಾರಿಯನ್ನು. ಹೆಸರಾಂತ ಸಾಫ್ಟ್‌ವೇರ್ ಒಂದರಲ್ಲಿ ಒಡೆದ ಭಾಗವನ್ನು ಗೆರೆ ಎಳೆದು ಗುರುತಿಸಿ, ಏನು ಬೇಕೆಂದು ಬರೆದರೆ ಸಾಕು, ತುಂಬಿಕೊಡುತ್ತದೆ. ನಲವತ್ತು ನಿಮಿಷಕ್ಕೆ ಟವರ್ ಎದ್ದು ನಿಂತಿತು. ಗೋಡೆಗೆ ಗಿಲಾವು, ಕಿಟಕಿಗೆ ಗಾಜು, ಬಾಲ್ಕನಿಗೆ ಕಂಬಿ. ಹೆಂಡತಿಗೆ ತೋರಿಸಿದೆ, ‘ಪರವಾಗಿಲ್ಲ ರೀ, ಈಗ ತಾನೇ ಗೃಹಪ್ರವೇಶ ಆದ ಹಾಗಿದೆ’ ಎಂದಳು. ಹೊಗಳಿಕೆ ಎಂದುಕೊಂಡೆ. ಮಾರನೆಯ ದಿನ ಹಿಗ್ಗಿಸಿ ನೋಡಿದಾಗ ಎಡಗಡೆ ಕಿಟಕಿಯಲ್ಲಿ ಎಂಟು ಗಾಜು, ಅದರ ಜೋಡಿ ಬಲಗಡೆಯದರಲ್ಲಿ ಏಳು. ಬಾಲ್ಕನಿಯ ಕಂಬಿ ಮೂಲೆಯಲ್ಲಿ ತಿರುಗುವಾಗ ಎರಡಿದ್ದದ್ದು ಮೂರಾಗಿದೆ. ಮತ್ತೊಮ್ಮೆ ಮಾಡಿಸಿದರೆ ತಾರಸಿಯ ಮೇಲೆ ಇಂದಿನ ವಿಮಾನ ನಿಲ್ದಾಣಗಳಲ್ಲಿರುವಂಥ ಗಾಜಿನ ಗೂಡು ಬಂದು ಕೂತಿತು. ಮೂರನೆಯ ಸಲ ಬಾಗಿಲಲ್ಲಿ ಟೋಪಿ ಹಾಕಿದ ಮನುಷ್ಯನೊಬ್ಬ ನಿಂತಿದ್ದ! ಅವನನ್ನು ನಾನು ಕರೆದಿರಲಿಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪನ್ನು ತೋರಿಸಿದವರು ನಮ್ಮ ತಾರಸಿ ಸೋರುತ್ತದೆಂದು ಕರೆಸಿದ್ದ ಮೇಸ್ತ್ರಿ. ಕಾಫಿ ಕುಡಿಯುತ್ತ ಪರದೆಯತ್ತ ಬಗ್ಗಿದರು. ತೋರಿಸಿದ್ದು ಮೂಲ ಚಿತ್ರವನ್ನು, ಗಿಲಾವು ಉದುರಿ ಇಟ್ಟಿಗೆ ಕಾಣುವ ಮುಂಭಾಗವನ್ನು.

‘ಇದು ಆಮೇಲೆ ಮುಚ್ಚಿದ ಕಿಟಕಿ ಸಾರ್’ ಎಂದರು.

‘ಹೇಗೆ ಹೇಳುತ್ತೀರಿ?’

‘ಇಲ್ಲಿ ನೋಡಿ, ಸಂದು ಮೇಲಿನಿಂದ ಕೆಳಗೆ ನೇರವಾಗಿ ಇಳಿದಿದೆ. ಒಟ್ಟಿಗೆ ಕಟ್ಟಿದ್ದರೆ ಇಟ್ಟಿಗೆಗೆ ಇಟ್ಟಿಗೆ ಹಲ್ಲು ಕಚ್ಚಿಕೊಂಡಿರುತ್ತಿತ್ತು. ಕಿಟಕಿ ಮೊದಲು ದೊಡ್ಡದಿತ್ತು, ಯಾರೋ ಕಿರಿದು ಮಾಡಿದ್ದಾರೆ.’

ಇಂಗ್ಲೆಂಡ್ ಕಾಣದವರು ಒಂದು ಬೆರಳಿಟ್ಟು ಹೇಳಿದ್ದು ಅಕ್ಷರಶಃ ನಿಜ. ಬ್ರಿಟಿಷ್ ವಾಯುಪಡೆಯ ಟವರ್‌ಗಳನ್ನು ನಕ್ಷೆಯ ಸಂಖ್ಯೆಯಿಂದ ಗುರುತಿಸುತ್ತಾರೆ, ಓರೆಗೆರೆಯ ಆಚೆ ಇರುವುದು ಇಸವಿ. 12779/41 ನಕ್ಷೆಯಲ್ಲಿ ಮುಂಭಾಗದ ಕಿಟಕಿಗಳು ದೊಡ್ಡವು. ನಂತರದ 343/43ರಲ್ಲಿ ಅವನ್ನು ಚಿಕ್ಕದು ಮಾಡಿದರು, ಮೊದಲೇ ಕಟ್ಟಿದ್ದ ಟವರ್‌ಗಳಲ್ಲೂ ಇಟ್ಟಿಗೆ ಕಟ್ಟಿ ಕಿರಿದುಗೊಳಿಸಿದರು. ನನ್ನ ಟವರ್ ಹಳೆಯ ನಕ್ಷೆಯದು, ತಿದ್ದಿಸಿಕೊಂಡದ್ದು. ಕೃತಕ ಬುದ್ಧಿಮತ್ತೆ ಮಾಡಿದ್ದೇನು? ಆ ನೇರ ಸಂದನ್ನು ಬಿರುಕು ಎಂದು ತಿಳಿದು ನುಣ್ಣಗೆ ಗಿಲಾವು ಬಳಿದಿತ್ತು. ಕಟ್ಟಡ ತನ್ನ ಬಗ್ಗೆ ಹೇಳಿಕೊಂಡಿದ್ದ ಒಂದೇ ಒಂದು ಮಾತನ್ನು ಅಳಿಸಿ, ಅದರ ಜಾಗದಲ್ಲಿ ತನಗೆ ತೋಚಿದ ಅಳತೆಯ ಕಿಟಕಿ ಇಟ್ಟಿತ್ತು.

ಅಲ್ಲಿಂದ ಕೈಕೆಲಸಕ್ಕೆ ಇಳಿದೆ. ಹ್ಯೂಗಿನ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲು ಚಿತ್ರವನ್ನು ನೇರ ಮಾಡಬೇಕು. ಕೆಳಗೆ ನಿಂತು ತೆಗೆದ ಕಟ್ಟಡ ಹಿಂದಕ್ಕೆ ಒರಗಿದಂತೆ ಕಾಣುತ್ತದೆ. ಗೋಡೆಯ ಅಂಚುಗಳ ಮೇಲೆ ಗುರುತು ಹಾಕಿ ಇವು ಲಂಬ ಎಂದು ಹೇಳಿದರೆ ಸರಿಹೋಗುತ್ತದೆ. ಆಮೇಲೆ ಜಿಂಪ್, ಚಿತ್ರ ತಿದ್ದುವ ತಂತ್ರಾಂಶ. ಅದರಲ್ಲಿ ಪರ್ಸ್‌ಪೆಕ್ಟಿವ್ ಕ್ಲೋನ್ ಎಂಬ ಸಾಧನವಿದೆ. ಹತ್ತಿರದ, ಚೆನ್ನಾಗಿರುವ ಇಟ್ಟಿಗೆಯನ್ನು ಎತ್ತಿ ದೂರದ ಗೋಡೆಗೆ ಹಾಕಿದರೆ ದೂರಕ್ಕೆ ತಕ್ಕಷ್ಟು ಕುಗ್ಗಿಸಿಯೇ ಕೂರಿಸುತ್ತದೆ. ಇಷ್ಟು ಒಳ್ಳೆಯ ಸಾಧನದ ಬಗ್ಗೆ ಯಾರೂ ಮಾತನಾಡುವುದಿಲ್ಲ ಏಕೆಂದು ನನಗೆ ಅರ್ಥವಾಗಿಲ್ಲ.

ಅಳತೆ ಸಿಗುವುದು ವರಸೆ ಎಣಿಸಿ. ನಾಲ್ಕು ವರಸೆ ಇಟ್ಟಿಗೆ, ಗಾರೆ ಸೇರಿ, ಹೆಚ್ಚುಕಡಿಮೆ ಒಂದು ಅಡಿ. ಗಿಲಾವು ಉದುರಿದ ಕಡೆಯೆಲ್ಲ ಪರದೆಗೆ ಪೆನ್ಸಿಲ್ ಮೊನೆ ಹಿಡಿದು ಎಣಿಸಿದೆ. ಮುಚ್ಚಿದ ಭಾಗ ಒಂಬತ್ತು ವರಸೆ, ಅಂದರೆ ಕಿಟಕಿಯ ಕೆಳಗಿನ ಅಂಚನ್ನು ಎರಡೂಕಾಲು ಅಡಿ ಮೇಲಕ್ಕೆ ಏರಿಸಿದ್ದಾರೆ. ಬಾಲ್ಕನಿಯ ಕಂಬಿ ಒಂದೂ ಉಳಿದಿಲ್ಲ, ಆದರೆ ಕಾಂಕ್ರೀಟಿನ ಅಂಚಿನಲ್ಲಿ ಅವನ್ನು ಕೊಯ್ದು ಉಳಿದ ತುಂಡುಗಳಿವೆ, ತುಕ್ಕಿನ ಕೆಂಪು ಚುಕ್ಕೆಗಳಾಗಿ. ಹದಿನಾಲ್ಕು ಎಣಿಸಿದೆ, ಹದಿನಾಲ್ಕು ಕಂಬಿ ಎಳೆದೆ. ಅಡ್ಡಪಟ್ಟಿಗಳಿಗೆ ಸೀಥಿಂಗ್ ಮತ್ತು ಥಾರ್ಪ್ ಆಬಟ್ಸ್ ನೆಲೆಗಳ ಟವರ್‌ಗಳು ಆಧಾರವಾದವು, ಅವೆರಡನ್ನೂ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ, ಹೋಗಿ ನೋಡಿ ಬಂದಿದ್ದೆ. ಹನ್ನೊಂದು ಸಂಜೆ ಹಿಡಿಯಿತು. ಕುತ್ತಿಗೆ ಹಿಡಿದದ್ದು ಬೇರೆ ಲೆಕ್ಕ.

ಕೈಕೆಲಸದ ದೊಡ್ಡ ಕೊರತೆ, ಚಿತ್ರ ತೆಗೆದ ಜಾಗ ಬಿಟ್ಟು ಒಂದು ಹೆಜ್ಜೆ ಅತ್ತಿತ್ತ ಸರಿಯುವಂತಿಲ್ಲ. ಹನ್ನೊಂದು ಸಂಜೆಗೆ ಒಂದೇ ನೋಟ.

ಮೂರನೆಯ ದಾರಿಗೆ ತಂಗಿಯ ಮಗ ಬೇಕಾಯಿತು. ಅವನು ಕಂಪ್ಯೂಟರ್ ಆಟಗಳಿಗೆ ಕಟ್ಟಡ ಮಾಡುವ ಕೆಲಸದಲ್ಲಿದ್ದಾನೆ. ‘ಮಾವ, ಎಷ್ಟು ಫೋಟೊ ಇದೆ?’ ಎಂದ. ಇನ್ನೂರಹನ್ನೆರಡು ಎಂದೆ, ಹೆಮ್ಮೆಯಿಂದ. ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟೆವು. ಪಕ್ಕಪಕ್ಕದ ಚಿತ್ರಗಳು ಮುಕ್ಕಾಲು ಪಾಲಿನಷ್ಟಾದರೂ ಒಂದರ ಮೇಲೊಂದು ಹಾಯ್ದಿದ್ದರೆ, ಅವುಗಳಲ್ಲಿರುವ ಒಂದೇ ಕಲೆ, ಒಂದೇ ಬಿರುಕನ್ನು ಹೊಂದಿಸಿಕೊಂಡು ಅದು ಕಟ್ಟಡದ ಆಕಾರವನ್ನು ಲೆಕ್ಕ ಹಾಕುತ್ತದೆ. ನಾನು ಚಂದ ಕಂಡಲ್ಲಿ ನಿಂತು ನಿಂತು ತೆಗೆದವನು, ಸುತ್ತುಬಂದು ತೆಗೆದವನಲ್ಲ. ಮುಂಭಾಗ ಅದ್ಭುತವಾಗಿ ಬಂತು. ಉತ್ತರದ ಗೋಡೆಗೆ ಮುಳ್ಳುಪೊದೆ ಹಬ್ಬಿತ್ತು, ಆ ಕಡೆ ಗೋಡೆ ಕರಗಿದ ಮೇಣದಂತೆ ಇಳಿಬಿದ್ದಿತು. ಡ್ರೋನ್ ಒಯ್ದಿರಲಿಲ್ಲವಾದ್ದರಿಂದ ತಾರಸಿಯೇ ಇಲ್ಲ. ತಪ್ಪು ನನ್ನದೇ.

ಆ ಮೇಣದ ಮುದ್ದೆಯನ್ನು ಬದಿಗಿಟ್ಟು, ಅದರ ಅಳತೆಗಳನ್ನಷ್ಟೇ ಇಟ್ಟುಕೊಂಡು ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ಹೊಸದಾಗಿ ಕಟ್ಟಿದೆವು. ಎಫ್‌ಸ್ಪೈ ಎಂಬ ಪುಟ್ಟ ಸಾಧನ ಇಲ್ಲಿ ಕೈಹಿಡಿಯಿತು: ಒಂದೇ ಚಿತ್ರದಲ್ಲಿ ದೂರಕ್ಕೆ ಓಡುವ ಗೆರೆಗಳನ್ನು ಗುರುತಿಸಿದರೆ ಕ್ಯಾಮೆರಾ ಎಲ್ಲಿ ನಿಂತಿತ್ತೆಂದು ಹೇಳುತ್ತದೆ. ಆರು ವಾರದ ಭಾನುವಾರಗಳು ಇದಕ್ಕೇ ಹೋದವು. ನಡುವೆ ಹುಡುಗ 1944ರ ಜೂನ್ ತಿಂಗಳ ಬಿಸಿಲು ಹಾಕೋಣ ಎಂದು ಸೂರ್ಯನನ್ನು ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲಿಸಿದ. ಯುದ್ಧಕಾಲದ ಆ ಬೇಸಿಗೆಗಳಲ್ಲಿ ಬ್ರಿಟನ್ನಿನ ಗಡಿಯಾರ ಗ್ರೀನಿಚ್ ಸಮಯಕ್ಕಿಂತ ಎರಡು ಗಂಟೆ ಮುಂದಿತ್ತು. ಸೂರ್ಯ ದಕ್ಷಿಣಕ್ಕೆ ಬರುವ ಹೊತ್ತಿಗೆ ಗಡಿಯಾರದಲ್ಲಿ ಎರಡರ ಸುಮಾರು. ನೆತ್ತಿಗೆ ಎನ್ನುವಂತಿಲ್ಲ, ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಸರಿಪಡಿಸಿದ ಮೇಲೆ ಬಾಲ್ಕನಿಯ ನೆರಳು ಕಿಟಕಿಯ ಮೇಲೆ ಓರೆಯಾಗಿ ಬಿತ್ತು, ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಆದರೂ ಗೋಡೆಗೆ ಹಾಕಲು ನಾನು ಆರಿಸಿದ್ದು ಕೈಕೆಲಸದ ಚಿತ್ರವನ್ನೇ. ಮೂರು ಆಯಾಮದ ಟವರ್ ಎಲ್ಲ ಕಡೆಯಿಂದ ಸರಿಯಾಗಿದೆ, ಆದರೆ ಅದರ ಪ್ರತಿ ಇಟ್ಟಿಗೆಯೂ ನಾವು ಮಾಡಿದ್ದು. ಕೈಯಲ್ಲಿ ತಿದ್ದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗೋಡೆ ನಿಜವಾದದ್ದು, ಅಲ್ಲಿ ನಿಂತಿರುವುದೇ. ಹೊಸದಾಗಿ ಸೇರಿಸಿದ್ದೆಲ್ಲ ಬೇರೆ ಪದರದಲ್ಲಿದೆ, ಒಂದು ಗುಂಡಿ ಒತ್ತಿದರೆ ಪಾಳು ಟವರ್ ಮರಳುತ್ತದೆ. ಕಟ್ಟಡದ ಒಳಗೆ ಓಡಾಡಿಸಿ ಯಾರಿಗಾದರೂ ತೋರಿಸಬೇಕಿದ್ದರೆ ಬ್ಲೆಂಡರ್ ಬಿಟ್ಟು ಬೇರೆ ದಾರಿಯಿಲ್ಲ, ಆದರೆ ಮೊದಲೇ ಸುತ್ತುಬಂದು, ಗೋಡೆಗೆ ಹತ್ತು ಹೆಜ್ಜೆ ದೂರ ಬಿಡದೆ, ನಾಲ್ಕುನೂರು ಚಿತ್ರ ತೆಗೆದಿರಬೇಕು. ಕೃತಕ ಬುದ್ಧಿಮತ್ತೆಯನ್ನು ಪೂರ್ತಿ ಬಿಟ್ಟಿಲ್ಲ. ಮುಂದೆ ನಿಂತಿದ್ದ ಟ್ರ್ಯಾಕ್ಟರನ್ನು ತೆಗೆದು ಹುಲ್ಲು ತುಂಬಲು ಬಳಸಿದೆ. ಹುಲ್ಲು ಯಾವ ನಕ್ಷೆಯದು ಎಂದು ಯಾರೂ ಕೇಳುವುದಿಲ್ಲ.

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಹಜಾರದಲ್ಲಿ ತೂಗುಹಾಕಿದ ವಾರ ಮೇಸ್ತ್ರಿ ಬಾಕಿ ಹಣಕ್ಕೆ ಬಂದಿದ್ದರು. ಕಿಟಕಿಯ ಅಳತೆ ನೋಡಿ ತಲೆದೂಗಿದರು. ಆಮೇಲೆ ಹತ್ತಿರ ಹೋಗಿ, ಕಿಟಕಿಯ ಮೇಲ್ಭಾಗವನ್ನು ಬೆರಳಿನಿಂದ ತಟ್ಟಿ ಕೇಳಿದರು: ‘ಸಜ್ಜಾ ಎಲ್ಲಿ ಸಾರ್? ಆ ಊರಿನಲ್ಲಿ ಮಳೆ ಬರುವುದಿಲ್ಲವೇ?’

ದಿನಾ ಬರುತ್ತದೆ ಎಂದೆ. ‘ಹಾಗಾದರೆ ಇದೂ ಸೋರುತ್ತದೆ’ ಎಂದು ಹಣ ಎಣಿಸಿಕೊಂಡು ಹೋದರು.