ಕಾಸರಗೋಡಿನ ಐದು ಮಳೆಗಾಲ ಕಂಡ ನನ್ನ ಎಂಜಿಬಿಯ ಸೈಲೆನ್ಸರ್

ನನ್ನ 1970ರ ಎಂಜಿಬಿಗೆ, ಅಂದರೆ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರಿಗೆ, ಸ್ಟೇನ್‌ಲೆಸ್ ಸೈಲೆನ್ಸರ್ ಹಾಕಿ ಐದು ಮಳೆಗಾಲ ಕಳೆಯಿತು. ಮೊನ್ನೆ ಕಾರಿನಡಿಗೆ ನುಗ್ಗಿ ಟಾರ್ಚ್ ಹಿಡಿದು ಪೂರ್ತಿ ನೋಡಿದೆ. ಎಲ್ಲೂ ತೂತಿಲ್ಲ. ವೆಲ್ಡಿಂಗ್ ಸುತ್ತ ಮಾತ್ರ ಚಹಾ ಕಲೆಯಂಥ ಕಂದು ಬಣ್ಣ. ಉಜ್ಜಿದರೆ ಹೋಗುತ್ತದೆ.

ಕಾರನ್ನು ರಿಪೇರಿ ಮಾಡಿಸುವಾಗ ಮೊದಲು ಹಾಕಿಸಿದ್ದು ಮಾಮೂಲಿ ಕಬ್ಬಿಣದ್ದು. ಎರಡೇ ವರ್ಷದಲ್ಲಿ ಸೈಲೆನ್ಸರಿನ ಹಿಂಬದಿಯ ಡಬ್ಬ ತೂತಾಯಿತು. ನಾನು ಕಡಲ ಗಾಳಿಗೆ ಬೈಯುತ್ತಿದ್ದೆ. ನಮ್ಮ ಮೆಕ್ಯಾನಿಕ್ ಡಬ್ಬವನ್ನು ಕೊಯ್ದು ತೋರಿಸಿದರು. ಹೊರಗೆ ಪೇಂಟ್ ಇನ್ನೂ ಇತ್ತು. ಒಳಗೆ ತಗಡು ಸುಟ್ಟ ಹಪ್ಪಳದ ಹಾಗೆ ಪುಡಿಪುಡಿ. "ತಿಂದದ್ದು ಹೊರಗಿನ ಮಳೆ ಅಲ್ಲ ಮಾರಾಯ್ರೆ, ಒಳಗಿನ ನೀರು" ಅಂದರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ನನ್ನ ಓಡಾಟವೋ, ವಿದ್ಯಾನಗರದ ಮನೆಯಿಂದ ಕಾಸರಗೋಡು ಪೇಟೆಗೆ ಅಷ್ಟೇ. ಡಬ್ಬ ಬಿಸಿಯಾಗುವ ಮೊದಲೇ ಎಂಜಿನ್ ಆಫ್. ನೀರು ಅಲ್ಲೇ ನಿಲ್ಲುತ್ತಿತ್ತು.

ಸ್ಟೇನ್‌ಲೆಸ್ ಕೊಳ್ಳುವಾಗ ಗ್ರೇಡ್ ಕೇಳಿ. 304ಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಎಳೆಯಬಹುದು. 409 ಕೂಡ ಸ್ಟೇನ್‌ಲೆಸ್ಸೇ, ಆದರೆ ಅಂಟುತ್ತದೆ, ಮೇಲೆ ತುಕ್ಕೂ ಬೇಗ ಹಿಡಿಯುತ್ತದೆ. ನಮ್ಮ ಕರಾವಳಿಗೆ 304ಕ್ಕೆ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ದಪ್ಪ ಪೈಪ್ ಹಾಕಿಸು ಅಂತ ಗೆಳೆಯರು ಹೇಳಿದ್ದರು. 1,798 ಸಿಸಿಯ ಎಂಜಿನ್ ಹಾಗೇ ಇರುವಾಗ ಪೈಪ್ ದಪ್ಪ ಮಾಡಿದರೆ ಜಾಸ್ತಿ ಆಗುವುದು ಸದ್ದು ಮಾತ್ರ, ಅಲ್ವಾ? ಮೂಲ ಅಳತೆಯನ್ನೇ ಉಳಿಸಿಕೊಂಡೆ. ಎಂಜಿನ್ನಿನ ಹೊಗೆಯನ್ನು ಪೈಪಿಗೆ ಸೇರಿಸುವ ಬೀಡು ಕಬ್ಬಿಣದ ಮ್ಯಾನಿಫೋಲ್ಡನ್ನೂ ಬದಲಿಸಲಿಲ್ಲ. ಸದ್ದು ಹಳೆಯದಕ್ಕಿಂತ ಸ್ವಲ್ಪ ಚೂಪಾಗಿದೆ, ಆದರೆ ಕಿವಿಗೆ ಹಿತವಾಗಿದೆ.

ಮ್ಯಾನಿಫೋಲ್ಡ್ ಕೆಳಗಿನ ಆರು ನಟ್ ಹಿತ್ತಾಳೆಯದ್ದೇ ಇರಲಿ. ಐದು ವರ್ಷದ ಮೇಲೆ ಮೊನ್ನೆ ಸ್ಪ್ಯಾನರ್ ಇಟ್ಟ ಕೂಡಲೇ ಆರೂ ಸಲೀಸಾಗಿ ತಿರುಗಿದವು. ಕಬ್ಬಿಣದ್ದು ತುಕ್ಕಿಗೆ ಕಚ್ಚಿಕೊಂಡು, ಬಿಚ್ಚುವಾಗ ನಟ್ ಕೂರುವ ಮರೆಯ ಕಡ್ಡಿ, ಅಂದರೆ ಸ್ಟಡ್ಡನ್ನೇ ಮುರಿಯುತ್ತದೆ.

ತೊಂದರೆ ಇಲ್ಲ ಅಂತಲ್ಲ. ನೇತುಹಾಕುವ ರಬ್ಬರ್ ಎರಡು ಸಲ ಬಿರಿಯಿತು. ಸ್ಟೇನ್‌ಲೆಸ್ ಬಿಸಿಗೆ ಜಾಸ್ತಿ ಹಿಗ್ಗುವುದರಿಂದ ಮೊದಲ ತಿಂಗಳು ಪೈಪ್ ಕಾರಿನ ಮೈಗೆ ಟಕಟಕ ಬಡಿಯುತ್ತಿತ್ತು. ಕ್ಲ್ಯಾಂಪ್ ಸಡಿಲಿಸಿ, ಎಂಜಿನ್ ಬಿಸಿ ಮಾಡಿ, ಪೈಪ್ ತಾನೇ ಕೂತ ಮೇಲೆ ಬಿಗಿ ಮಾಡಿದೆವು. ಮತ್ತೆ ಬಡಿಯಲಿಲ್ಲ.

ಈಗ ವಾರಕ್ಕೊಮ್ಮೆ ಚಂದ್ರಗಿರಿ ಸೇತುವೆ ದಾಟಿ ಬೇಕಲದವರೆಗೆ ಓಡಿಸುತ್ತೇನೆ. ಮನೆಯಿಂದ ಹೊರಡುವಾಗ ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಕೋಟೆಯ ಹತ್ತಿರ ನಿಲ್ಲಿಸುವಾಗ ಒಣಗಿರುತ್ತದೆ.